ಕೊಡದ ನೀರಿನ ಹಸಿರು ಹೊಳಪು

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾನು ಗುರುಗುಂಟಾದಲ್ಲಿ ಮಾಸ್ತರನಾಗಿದ್ದೆ. ಖನಿಜ ಹುಡುಕುವ ನಿಜಾಮ ಸರಕಾರದ ಸಾಹೇಬರೊಬ್ಬರು ಲಿಂಗಸುಗೂರಿನಿಂದ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಕುಡಿಯಲು ಕೊಟ್ಟ ನೀರನ್ನೇ ಗಾಜಿನ ನಳಿಗೆಗೆ ಸುರಿದು, ಅದಕ್ಕೆ ಯಾವುದೋ ಹಳದಿ ಕಟ್ಟಿಗೆಯ ರಸ ಬೆರೆಸಿ ಬಿಸಿಲಿಗೆ ಹಿಡಿದರು. ನೀರು ಮಿಂಚುಹುಳದಂತೆ ಹಸಿರಾಗಿ ಹೊಳೆಯಿತು.

“ಮಾಸ್ತರ್, ಇದರಾಗ ಅಲ್ಯೂಮಿನಿಯಂ ಅದ! ವಿಮಾನಕ್ಕ ಬೇಕಾದ ಲೋಹ. ಬಾವಿ ತಳದಾಗ ಅದರ ಅದಿರು ಇರಬೇಕು. ನಿಮ್ಮ ಬಾವಿ ಜಪ್ತಿ ಮಾಡಬೇಕಾಗತದ.”

ಊರಿಗೆ ಸಿಹಿನೀರಿನ ಬಾವಿ ಅದೊಂದೇ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಬಸಮ್ಮ ನಕ್ಕಳು.

“ಬಾವ್ಯಾಗ ಏನೂ ಇಲ್ಲರೀ ಸಾಹೇಬ್ರ. ಮಾಸ್ತರು ಕೊಡದಾಗ ಪಟಕ ತಿರುವ್ಯಾರ. ಕೊಡಾನ ಜಪ್ತಿ ಮಾಡ್ರಿ!”

ರಾಡಿ ನೀರು ತಿಳಿಯಾಗಲೆಂದು ಪಟಕದ, ಅಂದರೆ ಆಲಮ್‌ನ, ಹರಳನ್ನು ಕೊಡದಲ್ಲಿ ತಿರುವುವುದು ನಮ್ಮಲ್ಲಿ ಮನೆಮನೆಯ ರೂಢಿ. ಪಟಕದಲ್ಲೂ ಅದೇ ಲೋಹವಿರುತ್ತದೆ. ಸಾಹೇಬರು ಬಾವಿಯಿಂದ ನೇರವಾಗಿ ನೀರು ಸೇದಿಸಿ ನೋಡಿದರು. ಹೊಳೆಯಲಿಲ್ಲ. ಬಾವಿ ಉಳಿಯಿತು.

“ಇಷ್ಟ್ಯಾಕ ಹಾಕೀರಿ ಮಾಸ್ತರ್? ನೀರು ಒಗರು ಹತ್ತಲಿಲ್ಲೇನು?” ಎಂದರು ಸಾಹೇಬರು.

“ಮನಿಯಾಕಿ ತೀರಿಕೊಂಡು ತಿಂಗಳಾತ್ರಿ. ಆಕಿ ಎಷ್ಟು ತಿರುವತಿದ್ಲೋ, ನಾ ನೋಡಿರಲಿಲ್ಲ.”

ಸಾಹೇಬರು ಹಳದಿ ರಸದ ಸೀಸೆಗೆ ಬಿರಡೆ ಹಾಕಿದರು.

ಆ ವಾರ ಶಾಲೆಯಲ್ಲಿ ನಾನು ಕಲಿಸುತ್ತಿದ್ದುದು ತೂಕ ಮತ್ತು ಅಳತೆ.