ಅತ್ತೆ ಆಡದ ಮಾತು

ಹೋದ ತಿಂಗಳು ಮಿಲ್ಟನ್‌ನಲ್ಲಿ ನಮ್ಮ ಈಗಿನ ಮನೆ ಹತ್ತಿರದ ಪ್ಲಾಜಾದಲ್ಲಿ ಒಂದು ಅಫ್ಘಾನಿ ಬೇಕರಿ ತೆರೆಯಿತು. ಮೊಸರು ತರಲು ಹೋದವಳು ಅದರ ಬಾಗಿಲ ಮುಂದೆ ನಿಂತುಬಿಟ್ಟೆ. ಮೊಳದುದ್ದದ ರೊಟ್ಟಿ, ಮೇಲೆ ಉದುರಿಸಿದ ಕರಿಜೀರಿಗೆ, ಸ್ವಲ್ಪವೇ ಸೀದ ಹಿಟ್ಟಿನ ವಾಸನೆ... ಮೊಸರೂ ಬೇಡ, ಏನೂ ಬೇಡ ಎಂದು ಕಾರಿಗೆ ವಾಪಸು ಬಂದು ಕೂತೆ. ಟೀಚರಮ್ಮ ನೆನಪಾಗಿದ್ದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾವು ನಾರ್ತ್ ಯಾರ್ಕ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅವರದು ಎದುರು ಬಾಗಿಲು. ಕಾಬೂಲಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಗಣಿತದ ಟೀಚರ್ ಆಗಿದ್ದವರು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ಪೇಶಾವರಕ್ಕೆ ಬಂದು, ಅಲ್ಲಿಂದ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದಿದ್ದರು. ಏರ್‌ಪೋರ್ಟಿನ ಹತ್ತಿರ ವಿಮಾನದ ಊಟ ಪ್ಯಾಕ್ ಮಾಡುವ ಕೆಲಸ. ಅವರಿಗೆ ಹಿಂದಿ ಬರುತ್ತಿತ್ತು, ನನಗೆ ಮೈಸೂರಿನ ಹರಕು ಹಿಂದಿ. ಅದರಲ್ಲೇ ನಮ್ಮ ಸ್ನೇಹ ಬೆಳೆಯಿತು.

ಅವರ ತಲೆಯ ಮೇಲಿನ ದುಪಟ್ಟಾ ನೋಡಿ, ಪಾಪ ಎಂದುಕೊಂಡಿದ್ದವಳು ನಾನು. ಒಂದು ದಿನ ಟೀ ಕುಡಿಯುತ್ತ ಹೆಂಗಸರ ಸ್ವಾತಂತ್ರ್ಯದ ಬಗ್ಗೆ ಅವರಿಗೇ ಭಾಷಣ ಬಿಗಿದೆ. ಟೀಚರಮ್ಮ ನಕ್ಕು, ತಾವು ನಡೆಸಿದ ಶಾಲೆಯ ಕಥೆ ಹೇಳಿದರು. ಹುಡುಗಿಯರು ಓದಬಾರದು ಎಂದು ಶಾಲೆ ಮುಚ್ಚಿಸಿದ ಮೇಲೆ ಅವರ ಮನೆಯ ತಂದೂರೇ ಶಾಲೆಯಾಗಿತ್ತಂತೆ. ಅವರ ಓಣಿಯಲ್ಲಿ ಎಲ್ಲ ಮನೆಗಳಲ್ಲೂ ತಂದೂರು ಇರುವುದಿಲ್ಲ, ಇರುವವರ ಮನೆಗೆ ಉಳಿದವರು ಕಲಸಿದ ಹಿಟ್ಟು ಕಳಿಸುತ್ತಾರೆ. ಹಾಗಾಗಿ ಹಿಟ್ಟಿನ ಹಲಗೆಯನ್ನು ತಲೆ ಮೇಲೆ ಹೊತ್ತು ಬರುವ ಹುಡುಗಿಯನ್ನು ಯಾರೂ ತಡೆಯುತ್ತಿರಲಿಲ್ಲ. ರೊಟ್ಟಿ ಬೇಯುವಷ್ಟು ಹೊತ್ತು ಪಾಠ. ಲೆಕ್ಕ ತಲೆಗೆ ಹತ್ತದ ದಿನ ರೊಟ್ಟಿ ಸೀದು ಹೋಗುತ್ತಿತ್ತಂತೆ! ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಮಾತು ಮರೆಸಿ ಇನ್ನಷ್ಟು ಟೀ ಬಗ್ಗಿಸಿದರು.

ನಾವು ಮಿಸಿಸಾಗದಲ್ಲಿ ಮನೆ ಕೊಂಡೆವು. ಕೆಲಸಕ್ಕೆ ಹತ್ತಿರವಾಗುತ್ತದೆಂದು ಅವರೂ ಅಲ್ಲೇ ಒಂದು ಬೇಸ್‌ಮೆಂಟ್ ಹಿಡಿದರು. ಅಷ್ಟರಲ್ಲಿ ಕಾಬೂಲಿನಲ್ಲಿ ಆಡಳಿತ ಬದಲಾಗಿ, ಹುಡುಗಿಯರ ಶಾಲೆಗಳು ಮತ್ತೆ ತೆರೆಯತೊಡಗಿದವು. ಹಿಟ್ಟು ಹೊತ್ತು ಬರುತ್ತಿದ್ದ ಹುಡುಗಿಯರಲ್ಲೇ ಒಬ್ಬಳು ಫೋನ್ ಮಾಡಿದ್ದಳು. ಓಣಿಯಲ್ಲಿ ಶಾಲೆ ಶುರುಮಾಡುತ್ತಿದ್ದಾರೆ, ದೊಡ್ಡ ತರಗತಿಗೆ ಗಣಿತ ಕಲಿಸುವವರು ಯಾರೂ ಇಲ್ಲ, ಒಂದೇ ಒಂದು ವರ್ಷಕ್ಕೆ ಬನ್ನಿ ಎಂದು. ಟೀಚರಮ್ಮ ಟಿಕೆಟ್ ತೆಗೆದುಕೊಂಡೇಬಿಟ್ಟರು. ಆದರೆ ಮಗಳು? ಅವಳಿಗಾಗ ಹದಿನಾರು, ಇಲ್ಲಿನ ಹೈಸ್ಕೂಲು ಬಿಡುವ ಹಾಗಿಲ್ಲ. ಹ್ಯಾಮಿಲ್ಟನ್‌ನಲ್ಲಿದ್ದ ಟೀಚರಮ್ಮನ ಮೈದುನ, ನಾನು ನೋಡಿಕೊಳ್ಳುತ್ತೇನೆ ಎಂದಿದ್ದ. ಆದರೆ ಅವನು ಆಗಲೇ ಅವಳಿಗೊಂದು ಗಂಡು ಗೊತ್ತುಮಾಡಿ ಇಟ್ಟುಕೊಂಡಿದ್ದ.

"ಅವಳನ್ನ ಒಂದು ವರ್ಷ ನಿನ್ನ ಮನೇಲಿ ಇಟ್ಕೋತೀಯಾ, ಬಹನ್?" ಎಂದು ಟೀಚರಮ್ಮ ಕೇಳಿದರು.

ಅದಕ್ಕೇನು ಎಂದುಬಿಟ್ಟೆ. ಒಪ್ಪಿದ್ದು ನಿಜ, ಸುಳ್ಳಲ್ಲ. ಆದರೆ ನಾಲ್ಕು ದಿನ ಕಳೆಯುವಷ್ಟರಲ್ಲಿ ಒಂದೊಂದೇ ತಾಪತ್ರಯ ಎಣಿಸತೊಡಗಿದೆ. ಆಫೀಸಿನಲ್ಲಿ ಆಗಷ್ಟೇ ಟೀಮ್ ಲೀಡ್ ಆಗಿದ್ದೆ. ಬೇರೆಯವರ ಮನೆಯ ವಯಸ್ಸಿಗೆ ಬಂದ ಹುಡುಗಿ. ಆ ಮೈದುನ ಬಾಗಿಲಿಗೆ ಬಂದು ಕೂಗಾಡಿದರೆ? ನಮ್ಮ ಕನ್ನಡದವರು ಏನಂದುಕೊಂಡಾರು? ನಮ್ಮ ಯಜಮಾನರನ್ನು ಕೇಳಿದರೆ, "ನಿಂಗೆ ಹೇಗನ್ಸತ್ತೋ ಹಾಗೆ ಮಾಡು" ಎಂದರು. ನನಗೆ ಬೇಡ ಅನ್ನಿಸಿತ್ತು, ಅಷ್ಟೇ. ಹಾಗೆಂದು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಆ ತಿಂಗಳೇ ಮೈಸೂರಿನಿಂದ ನಮ್ಮ ಅತ್ತೆ ಬರುವವರಿದ್ದರು. ಮಡಿ ಹೆಂಗಸು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು. ಒಳ್ಳೆಯ ನೆಪ ಸಿಕ್ಕಿತು. ಟೀಚರಮ್ಮನ ಮನೆಗೆ ಹೋಗಿ, ಅತ್ತೆ ಖಂಡಿತ ಬೇಡ ಎಂದಿದ್ದಾರೆ, ಏನು ಮಾಡಲಿ ಎಂದು ಮುಖ ಸಣ್ಣ ಮಾಡಿಕೊಂಡು ಹೇಳಿದೆ. ಟೀಚರಮ್ಮ ನನ್ನನ್ನೇ ಸಮಾಧಾನ ಮಾಡಿದರು.

"ದೊಡ್ಡೋರು ಬೇಡ ಅಂದ್ಮೇಲೆ ನೀನೇನು ಮಾಡ್ತೀಯ? ನಮ್ಮಲ್ಲೂ ಹಾಗೇ. ಬೇಜಾರು ಮಾಡ್ಕೋಬೇಡ."

ಅತ್ತೆ ಬಂದರು. ನಮ್ಮ ಯಜಮಾನರು ಫೋನಿನಲ್ಲಿ ಅವರಿಗೆ ಹುಡುಗಿಯ ವಿಷಯ ಹೇಳಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಸೂಟ್‌ಕೇಸಿನಿಂದ ಉಪ್ಪಿನಕಾಯಿ ತೆಗೆದಿಡುತ್ತ, ಆ ಓದೋ ಹುಡುಗಿ ಯಾವತ್ತು ಬರುತ್ತಾಳೆ ಎಂದು ಕೇಳಿದರು. ನಾನು ಬೆಚ್ಚಿಬಿದ್ದೆ. ಅವರ ಊಟ ಬೇರೆ, ನಿಮ್ಮ ಮಡಿಗೆ ಕಷ್ಟ ಅಲ್ಲವಾ ಎಂದು ತೊದಲಿದೆ.

"ನನ್ನ ಮಡಿ ನಂಗೆ ಕಣೇ, ಅದರಿಂದ ಅವಳಿಗೇನು? ನನ್ನ ರೂಮಲ್ಲೇ ಮಲಗ್ಲಿ. ನನ್ನನ್ನ ಎಂಟನೇ ಕ್ಲಾಸಿಗೇ ಬಿಡಿಸಿದ್ರು... ಅವಳಾದ್ರೂ ಓದ್ಲಿ."

ಟೀಚರಮ್ಮ ಇನ್ನೂ ಟಿಕೆಟ್ ರದ್ದು ಮಾಡಿರಲಿಲ್ಲ. ಐದು ನಿಮಿಷದ ದಾರಿ ಅವರ ಮನೆ. ಹೋಗಿ, ಅತ್ತೆ ಒಪ್ಪಿದರು ಎಂದಿದ್ದರೆ ಸಾಕಿತ್ತು. ನಾನು ಹೋಗಲಿಲ್ಲ. ಅವರಿಬ್ಬರೂ ಎದುರು ಬದುರಾದರೆ ನನ್ನ ಸುಳ್ಳು ಬಯಲಾಗುತ್ತದಲ್ಲ ಎಂಬ ಹೆದರಿಕೆ. ಅತ್ತೆಗೆ, ಅವರ ಪ್ರೋಗ್ರಾಮ್ ಕ್ಯಾನ್ಸಲ್ ಆಯಿತು ಎಂದೆ. ಅತ್ತೆ ಇದ್ದ ಆರು ತಿಂಗಳೂ ಟೀಚರಮ್ಮನನ್ನು ಮನೆಗೆ ಕರೆಯಲಿಲ್ಲ. ಅವರೂ, ಪಾಪ, ನನ್ನ ಅತ್ತೆಗೆ ಇರಿಸುಮುರಿಸು ಆಗಬಾರದೆಂದು ಬರಲಿಲ್ಲ.

ಕಾಬೂಲಿನ ಆ ಶಾಲೆಯಲ್ಲಿ ಆ ವರ್ಷ ದೊಡ್ಡ ತರಗತಿ ಶುರುವಾಗಲಿಲ್ಲವಂತೆ. ಟೀಚರಮ್ಮ ಅದನ್ನು ಹೇಳಿದ್ದು ಒಂದೇ ಸಲ, ಬಸ್‌ಸ್ಟಾಪಿನಲ್ಲಿ ಸಿಕ್ಕಾಗ. ಮತ್ತೆ ಆ ಮಾತೆತ್ತಲಿಲ್ಲ. ಆಮೇಲೆ ಅವರಿಗೆ ಕಾಯಿಲೆ ಬಂತು... ಹೋಗುವ ಅವಕಾಶ ಮತ್ತೆ ಒದಗಲೇ ಇಲ್ಲ.

ಅವರು ತೀರಿಕೊಂಡಾಗ ಹೋಗಿದ್ದೆ. ಕೂತಿದ್ದ ಹೆಂಗಸರಿಗೆ ಮಗಳು ನನ್ನನ್ನು ಪರಿಚಯಿಸಿದಳು. ಅಮ್ಮ ಕಾಬೂಲಿಗೆ ಹೋಗಲಿ ಎಂದು ತನ್ನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದ ಆಂಟಿ ಇವರೇ, ಇವರ ಮನೆಯ ಹಿರಿಯರು ಬಿಡಲಿಲ್ಲ ಎಂದು. ಒಬ್ಬ ಮುದುಕಿ ನನ್ನ ಕೈ ಹಿಡಿದು ಅದಕ್ಕೆ ಮುತ್ತಿಟ್ಟಳು. ಅತ್ತೆ ಇದ್ದಾರಾ ಎಂದು ಕೇಳಿದಳು. ಇಲ್ಲ, ಹೋದ ವರ್ಷ ತೀರಿಕೊಂಡರು ಎಂದೆ.

ಹೀಗೆ ನಾನು ಕ್ಷಮೆ ಕೇಳಬೇಕಾದವರಿಬ್ಬರೂ ಹೋದರು. ಉಳಿದಿರುವುದು ಮಗಳು. ಓದಿ ಫಾರ್ಮಸಿಸ್ಟ್ ಆಗಿದ್ದಾಳೆ, ತಾನೇ ಆರಿಸಿಕೊಂಡವನನ್ನು ಮದುವೆಯಾಗಿದ್ದಾಳೆ. ಮೊನ್ನೆ ಈದ್‌ಗೆ ನಾನು ಶುಭಾಶಯ ಹೇಳಿದ್ದಕ್ಕೆ ಅವಳಿಂದ ಮೆಸೇಜ್ ಬಂತು. ಅಮ್ಮ ಕೊನೆಯವರೆಗೂ ನಿಮ್ಮನ್ನು ನೆನೆಯುತ್ತಿದ್ದರು, ಆಂಟಿ, ಈ ದೇಶದಲ್ಲಿ ಹೂಂ ಎಂದವರು ನೀವೊಬ್ಬರೇ ಅಂತಿದ್ದರು ಎಂದು.

ಒಂದಿಷ್ಟು ಟೈಪ್ ಮಾಡಿದೆ, ಅಳಿಸಿದೆ. ಕೊನೆಗೆ ಒಂದು ಹೂವಿನ ಚಿತ್ರ ಕಳಿಸಿದೆ.