ಮಾಳಸಿದ್ದ ಎಣಿಸಿದ ದೀಪ

ಅಂಕಲಿಯ ತಾತ್ಯಾಸಾಹೇಬರ ಕಾರು ನಿಲ್ಲುವ ತಗಡಿನ ಶೆಡ್ಡಿನಲ್ಲಿ, ಗೋಡೆಯ ಮೊಳೆಯೊಂದಕ್ಕೆ ಕರಿ ಉಣ್ಣೆಯ ದಾರ ನೇತಾಡುತ್ತಿತ್ತು. ಅದರ ಮೈತುಂಬ ಗಂಟುಗಳು. ಹೊಸದಾಗಿ ಬಂದವರು ದೃಷ್ಟಿದಾರ ಇರಬೇಕೆಂದುಕೊಂಡು ಅದನ್ನು ಮುಟ್ಟಲು ಹೆದರುತ್ತಿದ್ದರು. ಡ್ರೈವರ್ ಮಾಳಸಿದ್ದ ನಕ್ಕು ಸುಮ್ಮನಾಗುತ್ತಿದ್ದ. ಹಳೆಯ ಅಂಬಾಸಡರಿನ ಎಂಜಿನ್ ಎಣ್ಣೆ ಬದಲಿಸಿದಾಗಲೆಲ್ಲ ಅವನು ಆ ದಾರಕ್ಕೆ ಒಂದು ಸಣ್ಣ ಗಂಟು ಹಾಕಿದ್ದ. ಟಾಯರ್ ಬದಲಿಸಿದರೆ ಜೋಡಿಗಂಟು. ಇಪ್ಪತ್ತು ವರ್ಷಗಳ ಗಂಟುಗಳು ಅವು.

ಮಾಳಸಿದ್ದನಿಗೆ ಓದು ಬರುತ್ತಿರಲಿಲ್ಲ. ಅವನದು ಸತ್ತಿ ಎಂಬ ಊರಿನ ಕುರುಬರ ಮನೆ. ಅವನ ಅಪ್ಪ ಕೃಷ್ಣೆಯ ದಂಡೆಯಲ್ಲಿ ಕುರಿ ಮೇಯಿಸಿ, ಸಂಜೆ ದೊಡ್ಡಿಯಲ್ಲಿ ಕೂಡಿಹಾಕುವಾಗ ಇಪ್ಪತ್ತು ಕುರಿಗೊಂದರಂತೆ ದಾರಕ್ಕೆ ಗಂಟು ಹಾಕುತ್ತಿದ್ದ. "ಬಾಯಿಲೆ ಎಣಿಸಿದ್ದು ಗಾಳಿಗೆ ಹೋಗತೈತಿ ಮಗಾ, ಕೈಲೆ ಎಣಿಸಿದ್ದು ಕೈಯಾಗ ಉಳಿತೈತಿ" ಎನ್ನುತ್ತಿದ್ದ. ಕುರಿಗಳು ಹೋದವು, ಅಪ್ಪನೂ ಹೋದ. ಉಳಿದದ್ದು ಅಪ್ಪನ ಕಂಬಳಿ ಮತ್ತು ಈ ಗಂಟಿನ ರೂಢಿ. ಮಾಳಸಿದ್ದ ತಾತ್ಯಾಸಾಹೇಬರ ಕಬ್ಬಿನ ತೋಟಕ್ಕೆ ಟ್ರ್ಯಾಕ್ಟರ್ ಹೊಡೆಯಲು ಬಂದ. ಮರುವರ್ಷವೇ ಕಾರಿನ ಸ್ಟೇರಿಂಗ್ ಹಿಡಿದ. ಅವನ ಕೈಯಲ್ಲಿ ಗಾಡಿ ಒಂದು ದಿನವೂ ದಾರಿಯಲ್ಲಿ ನಿಂತಿರಲಿಲ್ಲ. ನಿಪ್ಪಾಣಿಯ ತಂಬಾಕು ಪೇಟೆಯಿಂದ ಅಥಣಿಯವರೆಗೆ ಎಲ್ಲ ಡ್ರೈವರರಿಗೂ ಇದು ಗೊತ್ತಿದ್ದ ಮಾತು. ಅವನಿಗೆ ಇದ್ದ ಆಸ್ತಿಯೂ ಅದೊಂದೇ.

ತೊಂಬತ್ತಾರರ ದೀಪಾವಳಿಗೆ ಅಂಬಾಸಡರ್ ಹೋಗಿ ಹೊಸ ಕಾರು ಬಂತು. ಬೆಳ್ಳಗೆ, ನುಣ್ಣಗೆ, ಬಾಗಿಲು ಹಾಕಿದರೆ ಸಪ್ಪಳವೇ ಇಲ್ಲ. ಅದರೊಳಗೊಂದು ಕಂಪ್ಯೂಟರ್ ಇದೆಯೆಂದೂ ಪೆಟ್ರೋಲ್ ಎಷ್ಟು ಬಿಡಬೇಕೆಂದು ಅದೇ ತೀರ್ಮಾನಿಸುತ್ತದೆಂದೂ ಮಾರಿದವರು ಹೇಳಿದ್ದರು. ಒಂದು ವರ್ಷ ಎಲ್ಲವೂ ಚೆನ್ನಾಗಿತ್ತು. ಮರುವರ್ಷ ಖಂಡೇನವಮಿಯ ಆಯುಧಪೂಜೆ ಮುಗಿದ ನಾಲ್ಕನೆಯ ದಿನ, ಸ್ಟೇರಿಂಗಿನ ಮುಂದಿನ ಮೀಟರುಗಳ ಸಾಲಿನಲ್ಲಿ ಒಂದು ಹಳದಿ ದೀಪ ಹತ್ತಿತು. ಎಂಜಿನ್ನಿನ ಆಕಾರದ ಪುಟ್ಟ ದೀಪ. ಬೆಳಿಗ್ಗೆ ಕಾರು ಏಳಲು ಸತಾಯಿಸತೊಡಗಿತು, ಹಿಂದಿನಿಂದ ಕರಿ ಹೊಗೆ ಬಿಡತೊಡಗಿತು.

ದೊಡ್ಡ ಊರಿನ ವರ್ಕ್‌ಶಾಪಿಗೆ ಒಯ್ದದ್ದಾಯಿತು. ಅವರು ಅರ್ಧ ತಾಸಿನಲ್ಲಿ ದೀಪ ಆರಿಸಿ ಕೊಟ್ಟರು. ಕಾಗವಾಡ ದಾಟುವಷ್ಟರಲ್ಲಿ ಅದು ಮತ್ತೆ ಹತ್ತಿತು. ಹಿಂದೆ ಕುಳಿತಿದ್ದ ತಾತ್ಯಾಸಾಹೇಬರು ಊರು ಮುಟ್ಟಿ ಇಳಿಯುವಾಗ ಮೆಲ್ಲಗೆ ಹೇಳಿದರು.

"ಮಾಳಸಿದ್ದಾ, ಸಿಟ್ಟಾಗಬ್ಯಾಡ. ಹೊಸ ಗಾಡಿಗೆ ಹೊಸ ಮನಷ್ಯಾ ಬೇಕು. ಮೀರಜದಾಗ ಒಬ್ಬ ಹುಡುಗ ಅದಾನಂತ, ಇಂಥಾ ಗಾಡಿ ಕಲ್ತಾನಂತ. ಸೋಮವಾರ ಬಾ ಅಂತ ಹೇಳೀನಿ. ನೀ ಟ್ರ್ಯಾಕ್ಟರ್ ನೋಡ್ಕೋ. ಪಗಾರ ಏನ್ ಕಡಿಮಿ ಆಗೂದಿಲ್ಲ."

"ಹೂಂ ರೀ ಸಾವಕಾರ್ರ" ಎಂದ ಮಾಳಸಿದ್ದ. ಪಗಾರದ ಯೋಚನೆ ಅವನಿಗೆ ಬರಲೇ ಇಲ್ಲ. ಇಪ್ಪತ್ತೊಂದು ವರ್ಷಗಳ ಮೇಲೆ, ಮಾಳಸಿದ್ದನ ಕೈಯಲ್ಲಿ ಕಾರು ಕೆಟ್ಟಿತು ಎಂದು ಜನ ಅನ್ನುತ್ತಾರಲ್ಲ ಎಂಬುದೊಂದೇ ಅವನನ್ನು ಕೊರೆಯಿತು. ಮನೆಗೆ ಹೋದಾಗ ಹೆಂಡತಿ ಸಾವಕ್ಕ ಅವನ ಮುಖ ನೋಡಿ ಕೇಳದೆಯೇ ರೊಟ್ಟಿ ಹಾಕಿದಳು.

ಈ ಸಂಗತಿಯನ್ನು ಸುಮ್ಮನೆ ಬಿಡದವಳು ಕುಸುಮ. ಆಕೆ ತಾತ್ಯಾಸಾಹೇಬರ ಸೊಸೆ, ಸಾಂಗಲಿಯಲ್ಲಿ ಕಾಲೇಜು ಓದಿದವಳು. ಆಕೆಯ ತಮ್ಮ ಬಾಹುಬಲಿ ಪುಣೆಯಲ್ಲಿ ಕಾರುಗಳ ಕೆಲಸ ಕಲಿಯುತ್ತಿದ್ದ. ದೀಪ ಮೊದಲು ಹತ್ತಿದ ದಿನವೇ ಆಕೆ ಅವನಿಗೆ ಕಾಗದ ಬರೆದಿದ್ದಳು. ಶನಿವಾರ ಟಪಾಲಿನಲ್ಲಿ ಉತ್ತರ ಬಂತು. ಎರಡು ಹಾಳೆ ಝೆರಾಕ್ಸ್, ಜೊತೆಗೆ ಬೆರಳುದ್ದದ ತಂತಿಯ ತುಂಡು.

ರವಿವಾರ ಬೆಳಿಗ್ಗೆ ಆಕೆ ಹಾಳೆ ಹಿಡಿದು ಶೆಡ್ಡಿಗೆ ಬಂದಳು. ಮಾಳಸಿದ್ದ ಅಂದೇ ಕೊನೆಯ ಸಲವೆಂಬಂತೆ ಗಾಜು ಒರೆಸುತ್ತಿದ್ದ.

"ಕಾಕಾ, ಆ ದೀಪ ಸುಮ್ಮನ ಹತ್ತೂದಿಲ್ಲಂತ. ಅದಕ್ಕ ಕೇಳೂ ರೀತಿಲೆ ಕೇಳಿದ್ರ ಏನ್ ಕೆಟ್ಟೈತಿ ಅಂತ ತಾನ ಹೇಳತೈತಂತ."

"ದೀಪ ಮಾತಾಡತೈತೇನ್ರಿ ವೈನಿ?"

"ಮಾತಾಡೂದಿಲ್ಲ, ಕಣ್ಣ ಮಿಟಕಸ್ತೈತಿ. ನಾವು ಎಣಿಸಬೇಕು."

ಎಣಿಸುವುದು ಎಂಬ ಮಾತು ಕೇಳಿ ಮಾಳಸಿದ್ದ ಒರೆಸುವ ಅರಿವೆ ಕೆಳಗಿಟ್ಟ.

ಕುಸುಮ ಓದಿ ಹೇಳಿದಳು. ಸ್ಟೇರಿಂಗಿನ ಕೆಳಗೆ ಒಂದು ಚಪ್ಪಟೆ ಪ್ಲಗ್ ಇದೆ. ಅದರಲ್ಲಿ ಗುರುತು ಮಾಡಿದ ಎರಡು ತೂತುಗಳನ್ನು ಈ ತಂತಿಯಿಂದ ಕೂಡಿಸಬೇಕು. ಆಮೇಲೆ ಚಾವಿ ತಿರುವಬೇಕು, ಎಂಜಿನ್ ಮಾತ್ರ ಚಾಲೂ ಆಗಕೂಡದು. ದೀಪ ಮೊದಲು ಒಂದು ಅಂಕಿ ಮಿಟುಕಿಸಿ, ಸ್ವಲ್ಪ ತಡೆದು, ಎರಡನೆಯ ಅಂಕಿ ಮಿಟುಕಿಸುತ್ತದೆ. ಪ್ರತಿ ಸಂಖ್ಯೆಯನ್ನೂ ಮೂರು ಸಲ ಹೇಳುತ್ತದೆ.

ಮಾಳಸಿದ್ದ ಅಡ್ಡ ಮಲಗಿ ಪ್ಲಗ್ ಹುಡುಕಿದ. ಚಿತ್ರಕ್ಕೂ ಪ್ಲಗ್ಗಿಗೂ ಎರಡು ಸಲ ತಾಳೆ ನೋಡಿ ತಂತಿ ಸಿಕ್ಕಿಸಿದ. ಆದರೆ ಬೆಳಗಿನ ಬಿಸಿಲು ನೇರ ಒಳಗೆ ಬೀಳುತ್ತಿತ್ತು, ದೀಪ ಸರಿಯಾಗಿ ಕಾಣುತ್ತಿರಲಿಲ್ಲ. ಅವನು ಎದ್ದು ಹೋಗಿ ಅಪ್ಪನ ಕಂಬಳಿ ತಂದು ಮುಂದಿನ ಗಾಜಿನ ಮೇಲೆ ಹೊದಿಸಿದ. ಕಾರಿನೊಳಗೆ ಕತ್ತಲಾಯಿತು. ಕಿಸೆಯಿಂದ ಕರಿ ಉಣ್ಣೆಯ ಎಳೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅರ್ಧಕ್ಕ ನಿಲ್ಲಸ್ರಿ ಕಾಕಾ, ಪೂರಾ ತಿರುವಬ್ಯಾಡ್ರಿ."

ಇಪ್ಪತ್ತೊಂದು ವರ್ಷ ಪೂರಾ ತಿರುವಿದ ಕೈ. ಅವನು ಬಲಗೈಯನ್ನು ಎಡಗೈಯಿಂದ ಹಿಡಿದು ಚಾವಿ ತಿರುವಿದ.

ದೀಪ ಒಂದು ಸಲ ಮಿನುಗಿತು. ತಡೆಯಿತು. ಎರಡು ಸಲ ಮಿನುಗಿತು. ಮೂರು ಸಲವೂ ಅದೇ ಆಯಿತು. ಮಾಳಸಿದ್ದ ಮೊದಲ ಸಲ ನೋಡಿದ, ಎರಡನೆಯ ಸಲ ಎಣಿಸಿದ, ಮೂರನೆಯ ಸಲ ಗಂಟು ಹಾಕಿದ. ಒಂದು ಗಂಟು, ಬೆರಳಗಲ ಜಾಗ, ಎರಡು ಗಂಟು. ಮುಗಿಯಿತೆಂದು ಚಾವಿ ಬಂದ್ ಮಾಡಿ ದಾರ ಕೊಟ್ಟ.

ಕುಸುಮ ಹಾಳೆಯ ಮೇಲೆ ಬೆರಳಾಡಿಸಿದಳು. "ಹನ್ನೆರಡು. ಅಯ್ಯ, ಇದು ರೋಗ ಅಲ್ರಿ ಕಾಕಾ. ಎಂಜಿನ್ ತಿರಗವಲ್ತು ಅಂತ. ಅದನ್ನ ನಾವ ತಿರಗಿಸಿಲ್ಲಲ್ಲ! ಹನ್ನೆರಡು ಅಂದ್ರ, ಕರದ್ರ 'ಓ' ಅಂದಂಗ ಅಷ್ಟ. ಖರೇ ಸುದ್ದಿ ಅದರ ಹಿಂದ ಬರತೈತಿ. ನೀವ ಲಗೂನ ಬಂದ್ ಮಾಡಿದ್ರಿ."

"ಓ ಅಂದ ಮ್ಯಾಲೆ ಮಾತ ಕೇಳದ ಎದ್ದ ಹ್ವಾದಂಗಾತು" ಎಂದ ಮಾಳಸಿದ್ದ. ತನ್ನ ಆತುರಕ್ಕೆ ತಾನೇ ನಾಚಿ ಮತ್ತೆ ಕುಳಿತ.

ಈ ಸಲ ಹನ್ನೆರಡು ಮೂರು ಸಲ ಬಂದು ಹೋಗುವವರೆಗೆ ಕೈ ಕಟ್ಟಿಕೊಂಡು ಕಾದ. ಆಮೇಲೆ ದೀಪ ಒಂದು ಸಲ ಮಿನುಗಿತು, ತಡೆದು ಐದು ಸಲ ಮಿನುಗಿತು. ಮತ್ತೆ ಒಂದು, ಐದು. ಮತ್ತೆ ಒಂದು, ಐದು. ಬೇರೆ ಯಾವ ಸಂಖ್ಯೆಯೂ ಬರಲಿಲ್ಲ, ಹನ್ನೆರಡು ತಿರುಗಿ ಶುರುವಾಯಿತು. ಅವನು ಚಾವಿ ಬಂದ್ ಮಾಡಿ, ಒಂದು ಗಂಟು, ಬೆರಳಗಲ ಬಿಟ್ಟು ಐದು ಗಂಟು ಹಾಕಿ ದಾರ ಕೊಟ್ಟ.

"ಹದಿನೈದು" ಎಂದಳು ಕುಸುಮ. "ಎಂಜಿನ್ನಿನ ನೀರು ಎಷ್ಟ ಬಿಸಿ ಐತಿ ಅಂತ ತಿಳಸೂ ಸೆನ್ಸರ್ ಅಂತ. ಅದರ ಸುದ್ದಿ ಕಂಪ್ಯೂಟರಿಗೆ ಮುಟ್ಟವಲ್ತು. ಅದಕ್ಕ ಅದು ಎಂಜಿನ್ ಇನ್ನೂ ತಣ್ಣಗ ಐತಿ ಅಂತ ತಿಳಕೊಂಡು ಪೆಟ್ರೋಲ್ ಸುರೀತೈತಿ. ಕರೀ ಹೊಗಿ ಅದ ನೋಡ್ರಿ."

"ಎಲ್ಲೈತ್ರಿ ಅದು?"

ಆಕೆ ಚಿತ್ರ ತೋರಿಸಿದಳು. ಮಾಳಸಿದ್ದ ಬಾನೆಟ್ ಎತ್ತಿದ. ನೀರಿನ ಪೈಪಿನ ಹತ್ತಿರ ಹಿತ್ತಾಳೆಯ ಸಣ್ಣ ತುಂಡೊಂದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಸುತ್ತಲಿನ ಕಬ್ಬಿಣ ಮತ್ತು ರಬ್ಬರಿನ ನಡುವೆ ಅದೊಂದೇ ಅಷ್ಟು ಫಳಫಳ. ಅದನ್ನು ನೋಡಿದ್ದೇ ಅವನಿಗೆ ಹಬ್ಬದ ದಿನ ನೆನಪಾಯಿತು.

ಪ್ರತಿ ಖಂಡೇನವಮಿಗೆ ಅವನು ಕಾರಿನ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದ. ಮನೆಯಲ್ಲಿ ಹೆಂಗಸರು ದೀಪದ ಸಮೆ, ತಂಬಿಗೆ ತಿಕ್ಕುವ ಹಾಗೆಯೇ. ಪೂಜೆಗೆ ನಿಲ್ಲುವ ಯಂತ್ರಕ್ಕೆ ಕಿಲುಬು ಇರಬಾರದು. ಅಂಬಾಸಡರಿನ ಬ್ಯಾಟರಿಯ ಮೂತಿಗಳನ್ನು ಹಾಗೆ ಬೆಳಗಿ ಬೆಳಗಿ ಇಟ್ಟಿದ್ದ. ಈ ಹೊಸ ಕಾರಿನಲ್ಲಿ ಹಿತ್ತಾಳೆ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಇದೊಂದೇ ತುಂಡು. ಮೇಲಿನ ಪ್ಲಗ್ ಕಿತ್ತು, ಹುಣಸೆಹಣ್ಣು ಹಚ್ಚಿ, ಸಂದಿಯನ್ನೂ ಬಿಡದೆ ಭಕ್ತಿಯಿಂದ ತಿಕ್ಕಿ, ಒದ್ದೆ ಅರಿವೆಯಲ್ಲಿ ಒರೆಸಿ, ಪ್ಲಗ್ ತಿರುಗಿ ಸಿಕ್ಕಿಸಿ, ಕುಂಕುಮ ಇಟ್ಟು ಕೈಮುಗಿದಿದ್ದ.

ಈಗ ಪ್ಲಗ್ ಎಳೆದು ನೋಡಿದ. ಒಳಗಿನ ಎರಡು ಸೂಜಿಗಳ ಮೇಲೆ ಹಸಿರು ಕಿಲುಬು ಬೂಷ್ಟಿನಂತೆ ಕೂತಿತ್ತು. ಹುಣಸೆಹುಳಿ ತೊಳೆಯದೆ ಬಿಟ್ಟ ತಂಬಿಗೆಗೆ ಬರುವಂಥದೇ ಕಿಲುಬು.

ಕುಸುಮ ಇಣುಕಿದಳು. "ಅಬ್ಬಾ, ಎಷ್ಟ ಕಿಲುಬು! ಮಳಿ ನೀರ ಹೊಕ್ಕಿರಬೇಕ್ರಿ."

ಮಾಳಸಿದ್ದ ಹಳೆಯ ಹಲ್ಲುಬ್ರಶ್ ತಂದು ಸೂಜಿಗಳನ್ನು ಒಂದೊಂದಾಗಿ ತಿಕ್ಕಿದ. ಪ್ಲಗ್ಗಿನ ತೂತುಗಳನ್ನೂ ಬಿಡಲಿಲ್ಲ. ಹುಳಿಯ ಅಂಟು ಹೋಗಲೆಂದು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಅರಿವೆಯ ತುದಿಯಿಂದ ಒರೆಸಿದ. ಬಾನೆಟ್ ತೆರೆದೇ ಕಾರನ್ನು ಬಿಸಿಲಿಗೆ ತಳ್ಳಿ, ಒಂದು ಹನಿ ಪಸೆಯೂ ಉಳಿಯದ ಹಾಗೆ ಎರಡು ತಾಸು ಒಣಗಿಸಿದ. ಬಾನೆಟ್ಟಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು ಅದನ್ನೇ ಕಾದ. ಮಳೆ ನೀರು ಎಂದಿದ್ದಾರೆ ವೈನಿ. ಹೌದ್ರಿ ಅಂದರೆ ಮುಗಿಯಿತು. ಹುಣಸೆಹಣ್ಣಿನ ಸಂಗತಿ ಯಾರಿಗೂ ಗೊತ್ತಿಲ್ಲ. ಸ್ಟೇರಿಂಗ್ ಉಳಿಯುತ್ತದೆ, ಹೆಸರೂ ಉಳಿಯುತ್ತದೆ.

ಒಣಗಿದ ಮೇಲೆ ಪ್ಲಗ್ ಒತ್ತಿದ. ಟಕ್ಕೆಂದಿತು. ಹಬ್ಬದ ದಿನ ಈ ಸಪ್ಪಳ ಬಂದಿತ್ತೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಇನ್ನ ಕಂಪ್ಯೂಟರ್ ಹಳೇದನ್ನ ಮರಿಬೇಕು" ಎಂದು ಕುಸುಮ ಕೊನೆಯ ಸಾಲು ಓದಿದಳು. "ಚಾವಿ ಬಂದ್ ಮಾಡಿ, ಬ್ಯಾಟರಿದು ಕರೀ ವೈರ್ ಬಿಚ್ಚಿ ಅರ್ಧ ಮಿನೀಟ್ ಬಿಡಬೇಕು. ಆದರ ಬಾಹುಬಲಿ ಕೆಳಗ ಬರದಾನ ನೋಡ್ರಿ: ರಿಪೇರಿ ಮಾಡಲಾರದ ಬರೇ ದೀಪ ಆರಿಸಿದ್ರ, ಸಾಲಿ ಹುಡುಗನ ಪಾಟಿ ಒರಸಿದಂಗ, ಲೆಕ್ಕ ತಪ್ಪಿದ್ದು ತಪ್ಪೇ ಇರತೈತಿ."

ಮಾಳಸಿದ್ದ ಸ್ಟೇರಿಂಗಿನ ಕೆಳಗಿನ ತಂತಿ ಕಿತ್ತಿಟ್ಟು, ಬ್ಯಾಟರಿಯ ಕರಿ ವೈರ್ ಬಿಚ್ಚಿ ಎಣಿಸತೊಡಗಿದ. ಅರವತ್ತು ದಾಟಿತು.

"ಸಾಕ್ರಿ ಕಾಕಾ."

"ನೂರ ಆಗಲಿರಿ ವೈನಿ. ಮರಿಯೂದು ಪೂರಾ ಮರೀಲಿ."

ವೈರ್ ಕೂಡಿಸಿ ಚಾವಿ ತಿರುವಿದ, ಈ ಸಲ ಪೂರಾ. ದೀಪ ಹತ್ತಿತು. ಎಂಜಿನ್ ಒಂದೇ ಹೊಡೆತಕ್ಕೆ ಎದ್ದಿತು, ದೀಪ ಆರಿತು. ಸ್ವಲ್ಪ ಹೊತ್ತಿಗೆ ಹೊಗೆಯ ಕಪ್ಪೂ ಹೋಯಿತು. ಕುಸುಮ ಚಪ್ಪಾಳೆ ತಟ್ಟಿ ಒಳಗೆ ಓಡಿದಳು.

ತಾತ್ಯಾಸಾಹೇಬರು ಪೇಟಾ ಸುತ್ತಿಕೊಳ್ಳುತ್ತಲೇ ಹೊರಗೆ ಬಂದರು, ಹಿಂದೆ ಅವರ ಹೆಂಡತಿ ಕಮಲಾಬಾಯಿ.

"ಆರಿತಂತಲ್ಲೋ! ಚಿಕ್ಕೋಡಿ ತನಾ ಹೋಗಿ ನೋಡೂನು ನಡಿ. ಹೋದ ಸಲಾನೂ ಆರಿತ್ತು."

ಮಾಳಸಿದ್ದ ಹಿಂದಿನ ಬಾಗಿಲು ತೆರೆದು ನಿಂತ. ತಾತ್ಯಾಸಾಹೇಬರು ಒಂದು ಕಾಲು ಒಳಗಿಡುವಷ್ಟರಲ್ಲಿ ಅವನ ಬಾಯಿ ತಾನಾಗಿ ತೆರೆಯಿತು.

"ಸಾವಕಾರ್ರ, ಒಂದ ಮಾತ ಐತ್ರಿ. ವೈನಿಯವರು ಮಳಿ ನೀರ ಅಂದ್ರು. ಮಳಿ ನೀರ ಅಲ್ರಿ. ಖಂಡೇನವಮಿಗೆ ನಾನ ಅದನ್ನ ಬಿಚ್ಚಿ ಹುಣಸಿಹಣ್ಣ ಹಚ್ಚಿ ತಿಕ್ಕಿದ್ನಿರಿ. ಹಿತ್ತಾಳಿ ಅಂತ ತಿಳದು. ಅದ ಹುಳಿ ಕಿಲುಬ ಹಿಡೀತ್ರಿ. ಗಾಡಿ ಕೆಟ್ಟಿದ್ದು ನನ್ನ ಕೈಲೇನ ರೀ."

ತಾತ್ಯಾಸಾಹೇಬರು ಇಟ್ಟ ಕಾಲನ್ನು ಹೊರಗೆ ತೆಗೆದರು. ಮಾಳಸಿದ್ದ ನೆಲ ನೋಡುತ್ತ ನಿಂತ.

ಮೊದಲು ಬಾಯಿಬಿಟ್ಟವರು ಕಮಲಾಬಾಯಿ. "ಅಯ್ಯ ನಮ್ಮವ್ವ! ಹುಣಸಿಹಣ್ಣ ಕೊಟ್ಟಾಕಿ ನಾನಲಾ? 'ಇಷ್ಟ ಸಾಕೇನಪಾ, ಇನ್ನೊಂದೀಟ ಒಯ್ಯಿ' ಅಂತ ಕರದ ಕೊಟ್ಟೀನಿ. ಹಂಗಿದ್ರ ಅಡಗಿ ಮನ್ಯಾಗೂ ಸೋಮವಾರ ಮೀರಜದಿಂದ ಹೊಸಬರ್ನ ಕರಸ್ರಿ!"

ಕುಸುಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾತ್ಯಾಸಾಹೇಬರು ನಗಲಿಲ್ಲ. ಬಾನೆಟ್ಟಿನ ಹತ್ತಿರ ಹೋಗಿ, ಹೊಳೆಯುವ ಹಿತ್ತಾಳೆಯನ್ನೊಮ್ಮೆ ಬಗ್ಗಿ ನೋಡಿದರು. ಹಾಳೆಯ ಪಕ್ಕದಲ್ಲಿ ಬಿದ್ದಿದ್ದ ಉಣ್ಣೆಯ ಎಳೆಯನ್ನು ಎತ್ತಿಕೊಂಡು ಗಂಟುಗಳ ಮೇಲೆ ಹೆಬ್ಬೆರಳಾಡಿಸಿದರು.

"ಇದೇನ್ ಇದು?"

"ದೀಪ ಹೇಳಿದ್ದು ರೀ. ಮೊದಲಿಂದು ಹನ್ನೆರಡು. ಆಮ್ಯಾಲಿಂದು ಹದಿನೈದು."

ತಾತ್ಯಾಸಾಹೇಬರು ಎಳೆಯನ್ನು ಮಡಚಿ ಅವನ ಅಂಗೈಯಲ್ಲಿಟ್ಟರು. ಆಮೇಲೆ ಹಿಂದಿನ ಬಾಗಿಲನ್ನು ತಾವೇ ಹಾಕಿ, ಸುತ್ತಿ ಬಂದು ಮುಂದೆ, ಡ್ರೈವರಿನ ಪಕ್ಕದ ಸೀಟಿನಲ್ಲಿ ಕುಳಿತರು. ಇಷ್ಟು ವರ್ಷಗಳಲ್ಲಿ ಅವರು ಅಲ್ಲಿ ಕುಳಿತದ್ದನ್ನು ಮಾಳಸಿದ್ದ ಕಂಡಿರಲಿಲ್ಲ.

ಕಾರು ಊರು ದಾಟಿ ಕಬ್ಬಿನ ಗದ್ದೆಗಳ ನಡುವಿನ ರಸ್ತೆ ಹಿಡಿಯಿತು. ಮಾಳಸಿದ್ದನ ಕಣ್ಣು ಗಳಿಗೆಗೊಮ್ಮೆ ಆ ದೀಪದ ಜಾಗಕ್ಕೆ ಹೋಗುತ್ತಿತ್ತು. ಎದುರಿನಿಂದ ಕಬ್ಬಿನ ಗಾಡಿಗಳ ಸಾಲು ಬರುತ್ತಿತ್ತು.

"ಚಿಕ್ಕೋಡ್ಯಾಗ ಫೋನಿನ ಅಂಗಡಿ ಮುಂದ ನಿಲ್ಲಸು" ಎಂದರು ತಾತ್ಯಾಸಾಹೇಬರು. "ಮೀರಜದಾಂವಗ ಬರಬ್ಯಾಡ ಅಂತ ಹೇಳತೀನಿ."

ಮಾಳಸಿದ್ದನ ಕಣ್ಣು ಮತ್ತೆ ದೀಪದ ಕಡೆ ಹೋಯಿತು.

"ರಸ್ತೆ ನೋಡಿ ಹೊಡಿಯೋ ಮಾರಾಯಾ" ಎಂದರು ಅವರು, ಮುಂದಕ್ಕೆ ಬಾಗಿ. "ದೀಪ ನಾ ನೋಡತೀನಿ."