ನೆಲ ನಡುಗಿದರೂ ಕದಲದವಳು

ನಾನು ಓದಿದ ಮಿಷನ್ ಶಾಲೆಯವರು ಸ್ಮರಣ ಸಂಚಿಕೆಗೆ ‘ಶಾಲೆ ಕಲಿಸಿದ ಮೌಲ್ಯಗಳು’ ಎಂದು ಬರೆದುಕೊಡಿ ಅನ್ನುತ್ತಿದ್ದಾರೆ. ಬರೆಯುತ್ತೇನೆ; ಧೈರ್ಯವಿದ್ದರೆ ಅಚ್ಚು ಹಾಕಲಿ.

ಅದು ಐವತ್ತರ ದಶಕದ ಕೆಜಿಎಫ್. ಗಣಿಯೊಳಗೆ ಬಂಡೆ ಸಿಡಿದರೆ ತರಗತಿಯ ಬೆಂಚೂ ಅದುರುತ್ತಿತ್ತು. ಗಣಿ ಕೂಲಿಯವರ ಮಕ್ಕಳಾದ ನಾವು, ಅಪ್ಪ ಮೇಲೆ ಬಂದನೇ ಎಂದು ನೋಡಲು ಗಣಿಯ ಬಾಯಿಗೆ ಓಡುತ್ತಿದ್ದೆವು. ಒಮ್ಮೆ ಪ್ರಾರ್ಥನೆಯ ನಡುವೆ ಎದ್ದು ಓಡಿದ್ದಕ್ಕೆ ಹೆಡ್ ಸಿಸ್ಟರ್ ಮರುದಿನ ಎಲ್ಲರನ್ನೂ ಮಂಡಿಯೂರಿಸಿ ಬೆತ್ತದಲ್ಲಿ ಬಾರಿಸಿದಳು. ಆಕೆಯ ಅಪ್ಪ ಯಾವ ಗಣಿಗೂ ಇಳಿದವನಲ್ಲ.

ಮುಂದಿನ ಸಲ ನೆಲ ನಡುಗಿದಾಗ ಉಳಿದವರು ಮತ್ತೆ ಓಡಿದರು. ನಾನು ಕೈಮುಗಿದು ಕೂತೇ ಇದ್ದೆ.

ಸಂಜೆ ಅಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದ. “ಎಲ್ಲಾರ್ ಮಕ್ಳೂ ಬಂದಿದ್ರು. ನೀನ್ಯಾಕಮ್ಮೀ ಬರ್ಲಿಲ್ಲ?” ಎಂದ.

ಆ ವರ್ಷ ಸನ್ನಡತೆಯ ಬಹುಮಾನ ನನಗೇ ಕೊಟ್ಟರು.